ಕ್ಯಾಂಪಿನ ಬ್ಯಾಂಕೂ ದೊಡ್ಡಮ್ಮನ ಮಂಡಿನೋವೂ

ವಿದೇಶಿ ಬ್ಯಾಂಕುಗಳಲ್ಲಿ ಗುಟ್ಟಾಗಿ ದುಡ್ಡಿಟ್ಟವರ ಮೇಲೆ ನಮ್ಮ ದೊಡ್ಡಪ್ಪನಿಗೆ ಇರುವಷ್ಟು ಸಿಟ್ಟು ಸರ್ಕಾರಕ್ಕೂ ಇರಲಿಕ್ಕಿಲ್ಲ. ಗಾವಡಗೆರೆ ಪಕ್ಕದ ಹಳ್ಳಿ ನಮ್ಮದು. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು, ಜಗಲಿ ಮೇಲೆ ಕೂತು ಇಡೀ ಬೀದಿಗೆ ಕೇಳುವಂತೆ ಪೇಪರು ಓದುವುದು ಅವರ ನಿತ್ಯಕರ್ಮ. ಸ್ವಿಟ್ಜರ್ಲೆಂಡಿನ ಬ್ಯಾಂಕುಗಳು ಖಾತೆದಾರರ ವಿವರವನ್ನು ಈಗ ನಮ್ಮ ಸರ್ಕಾರಕ್ಕೆ ಕಳಿಸುತ್ತಿವೆ ಎಂಬ ಸುದ್ದಿ ಬಂದ ದಿನ ಖುಷಿಗೆ ಎರಡು ಲೋಟ ಕಾಫಿ ಕುಡಿದರು.

"ನೋಡ್ಲಾ, ಇನ್ನು ಗುಟ್ಟು ಗಿಟ್ಟು ಏನೂ ನಡೆಯಾಕಿಲ್ಲ. ಒಬ್ಬೊಬ್ರ ಎಸ್ರೂ ಈಚೆ ಬರ್ಬೇಕು. ಎಂಡ್ತಿ ಮಕ್ಕಳಿಗೂ ಏಳ್ದಂಗೆ ಮಡಗವ್ರಲ್ಲ, ಎಂತಾ ಜನ ಇರ್ಬೋದು!"

"ಊಂ ಕಣ್ರೀ, ಎಂತಾ ಜನವೋ," ಎಂದು ದೊಡ್ಡಮ್ಮ ಖಾಲಿ ಲೋಟ ಎತ್ತಿಕೊಂಡು ನನ್ನ ಕಡೆ ನೋಡಿದಳು. ನಾನು ಸೂರು ನೋಡಿದೆ.

ಏಕೆಂದರೆ ದೊಡ್ಡಮ್ಮನಿಗೂ ಒಂದು ಗುಟ್ಟಿನ ಖಾತೆ ಇತ್ತು. ಅದು ಗೊತ್ತಿದ್ದವನು ನಾನೊಬ್ಬನೇ. ಊರಿನವರ ದನಿಯನ್ನೆಲ್ಲ ಅಣಕಿಸಿಕೊಂಡು ತಿರುಗುವ ನನ್ನಂಥ ಬಾಯಿಬಡುಕನನ್ನೇ ಅವಳು ಆರಿಸಿಕೊಳ್ಳಲು ಎರಡು ಕಾರಣ. ಒಂದು, ನನ್ನ ಹತ್ತಿರ ಬೈಕಿತ್ತು. ಎರಡು, ನಾನು ನಿಜ ಹೇಳಿದರೂ ಊರಲ್ಲಿ ಯಾರೂ ನಂಬುತ್ತಿರಲಿಲ್ಲ.

ಖಾತೆ ಎಲ್ಲಿ ತೆರೆಯುವುದು ಎಂದು ಅವಳು ತಿಂಗಳುಗಟ್ಟಲೆ ಯೋಚಿಸಿದ್ದಳು. ಹುಣಸೂರಿನ ಬ್ಯಾಂಕಿನಲ್ಲಿ ದೊಡ್ಡಪ್ಪನ ಷಡ್ಡಕನೇ ಕೂತಿದ್ದ. ಕೆ.ಆರ್. ನಗರ ಅವಳ ತವರು. ಪಿರಿಯಾಪಟ್ಟಣಕ್ಕೆ ಮಗಳನ್ನು ಕೊಟ್ಟಿತ್ತು. ಎಚ್.ಡಿ. ಕೋಟೆಯಲ್ಲಿ ನಾದಿನಿ, ಆಕೆಗೆ ಗೊತ್ತಾದರೆ ಪೇಪರಿಗೆ ಹಾಕಿಸುವ ಖರ್ಚೂ ಉಳಿಯುತ್ತಿತ್ತು. ನಾಲ್ಕು ತಾಲ್ಲೂಕು ಜರಡಿ ಹಿಡಿದ ಮೇಲೆ ನೆಂಟರಿಲ್ಲದ ಜಾಗ ಒಂದೇ ಉಳಿಯಿತು: ಗುರುಪುರದ ಹತ್ತಿರ ಟಿಬೆಟಿನವರ ಕ್ಯಾಂಪು. ಅಲ್ಲಿನ ಬ್ಯಾಂಕಿನಲ್ಲಿ ನಮ್ಮ ಹಿಂದೆಮುಂದೆ ನಿಲ್ಲುವವರು ಕೆಂಪು ಬಟ್ಟೆಯ ಲಾಮಾಗಳು.

"ಇವ್ರು ನಮ್ಗೆ ಬೀಗ್ರಾಗಾಕಿಲ್ಲ ಅಲ್ವೇನ್ಲಾ ಮಗ?" ಎಂದು ಕೇಳಿ ಖಾತ್ರಿ ಮಾಡಿಕೊಂಡೇ ದೊಡ್ಡಮ್ಮ ಹೆಬ್ಬೆಟ್ಟೊತ್ತಿದಳು. ತುಪ್ಪ, ಹಪ್ಪಳ, ಹಿತ್ತಿಲ ಅವರೆಕಾಯಿ ಮಾರಿದ ಕಾಸು ಅಲ್ಲಿಗೆ ಹೋಗತೊಡಗಿತು.

ಮನೆಯಲ್ಲಿ ಹೇಳಲು ನೆಪ ಬೇಕಿತ್ತು. ಕ್ಯಾಂಪಿನಲ್ಲಿ ಮಂಡಿನೋವಿಗೆ ಟಿಬೆಟಿನ ಔಷಧಿ ಕೊಡುತ್ತಾರೆ ಎಂದೆವು. ತಿಂಗಳಿಗೊಂದು ದಿನ ದೊಡ್ಡಮ್ಮ ಕುಂಟುತ್ತ ಬಂದು ಬೈಕು ಹತ್ತುವಳು. ಕುಂಟುವ ತರಬೇತಿ ನನ್ನದೇ. ಮೊದಲನೇ ಸಲ ಬಲಗಾಲು ಕುಂಟುತ್ತ ಹೋದವಳು ಎಡಗಾಲು ಕುಂಟುತ್ತ ವಾಪಸ್ ಬಂದಿದ್ದಳು. ದೊಡ್ಡಪ್ಪ, "ನೋವು ಆ ಕಡೆಯಿಂದ ಈ ಕಡೆಗೆ ಬಂದದೆ, ಔಷ್ದಿ ಕೆಲ್ಸ ಮಾಡ್ತಾ ಅದೆ" ಎಂದರು. ತಮಗೂ ನಾಲ್ಕು ಮಾತ್ರೆ ಬೇಕೆಂದರು. ನಾನು ಹುಣಸೂರಿನಲ್ಲಿ ಜೀರಿಗೆ ಪೆಪ್ಪರಮೆಂಟು ಕೊಂಡು ಪೊಟ್ಟಣ ಕಟ್ಟಿ ಕೊಟ್ಟೆ. ಅವರ ಮಂಡಿ ವಾಸಿಯಾಯಿತು.

ಎಲ್ಲ ಚೆನ್ನಾಗಿಯೇ ಇರುತ್ತಿತ್ತು, ನಾನು ವಿದ್ಯಾವಂತನಾಗಿರದಿದ್ದರೆ. ಒಂದು ದಿನ ಬ್ಯಾಂಕಿನವರು ಆಧಾರ್ ಜೋಡಿಸಲು ಫಾರಂ ಕೊಟ್ಟರು. ಓದು ಬರುವವನ ಗತ್ತಿನಲ್ಲಿ ನಾನು ಕಂಡಕಂಡ ಚೌಕಕ್ಕೆಲ್ಲ ಟಿಕ್ ಹಾಕಿದೆ. ಅದರಲ್ಲೊಂದು ಚೌಕ, ಸರ್ಕಾರದಿಂದ ಬರುವ ಹಣವೆಲ್ಲ ಇನ್ನು ಮೇಲೆ ಈ ಖಾತೆಗೇ ಬರಲಿ ಎಂಬುದು.

ಮನೆಯೊಡತಿಯರಿಗೆಂದು ಸರ್ಕಾರ ಹಾಕುವ ಎರಡು ಸಾವಿರ ಹುಣಸೂರಿನ ಖಾತೆಗೆ ಬರುವುದು ನಿಂತುಹೋಯಿತು. ಆ ಖಾತೆಯ ಪಾಸ್‌ಬುಕ್ಕು ಇರುವುದು ದೊಡ್ಡಪ್ಪನ ಅಂಗಿ ಜೇಬಿನಲ್ಲಿ. ಒಂದು ತಿಂಗಳು ಕಾದರು, ಎರಡನೇ ತಿಂಗಳು ಬೈದರು, ಮೂರನೆಯದಕ್ಕೆ, "ಆಫೀಸರ್ ನಂಬರ್ ಕೊಡ್ಲಾ" ಎಂದರು.

ನಾನು ನನ್ನ ಇನ್ನೊಂದು ಸಿಮ್ಮಿನ ನಂಬರು ಕೊಟ್ಟೆ. ಹುಲ್ಲಿನ ಮೆದೆಯ ಹಿಂದೆ ನಿಂತು, ಮೂಗು ಹಿಡಿದುಕೊಂಡು, "ನಮಸ್ಕಾರ, ತಮ್ಮ ಮನವಿ ಪರಿಶೀಲನೆಯಲ್ಲಿದೆ" ಎಂದೆ. ದೊಡ್ಡಪ್ಪನಿಗೆ ಆನಂದವೋ ಆನಂದ. "ಎಷ್ಟು ಮರ್ವಾದಿ ಕೊಟ್ಟು ಮಾತಾಡ್ತಾರೆ ಗೊತ್ತೇನ್ಲಾ!" ಮಾರನೇ ದಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದೂ ಅದೇ ಆಫೀಸರಿಗೆ ಫೋನು. ಅದೂ ಪರಿಶೀಲನೆಯಲ್ಲಿತ್ತು. ಮೂರನೇ ದಿನ, ಚರಂಡಿ ಪರಿಶೀಲನೆಯಲ್ಲಿರುವಾಗ, ನಮ್ಮ ಹಸು ಅಂಬಾ ಎಂದಿತು. ಒಂದು ಅಂಬಾ ದೊಡ್ಡಪ್ಪನ ಎಡಗಿವಿಗೆ, ಅದೇ ಅಂಬಾ ಫೋನಿಟ್ಟ ಬಲಗಿವಿಗೆ.

"ಸಾ, ತಾವೂ ಅಸ ಸಾಕಿದ್ದೀರಾ?" ಎನ್ನುತ್ತಲೇ ಅವರು ಮೆದೆ ಸುತ್ತಿ ಬಂದರು. ಆಫೀಸರು ಇನ್ನೂ ಮೂಗು ಹಿಡಿದೇ ನಿಂತಿದ್ದ. ಎರಡು ಬಿದ್ದವು. ನನ್ನ ಪುಣ್ಯಕ್ಕೆ ಅವರು ಇದನ್ನು ನನ್ನ ಎಂದಿನ ಕೋತಿಚೇಷ್ಟೆ ಎಂದಷ್ಟೇ ತಿಳಿದರು. ಆದರೆ ಅವತ್ತೇ ದೊಡ್ಡಮ್ಮನನ್ನು ಪಂಚಾಯ್ತಿ ಪಕ್ಕದ ಕಂಪ್ಯೂಟರ್ ಸೆಂಟರಿಗೆ ಕರೆದುಕೊಂಡು ಹೊರಟರು. ದೊಡ್ಡಮ್ಮ ಆ ದಿನ ಕುಂಟಲಿಲ್ಲ. ಬಲಿಗೆ ಹೋಗುವವಳ ಹಾಗೆ ನೆಟ್ಟಗೆ ನಡೆದಳು. ನಾನು ಕೆನ್ನೆ ಸವರಿಕೊಳ್ಳುತ್ತ ಹಿಂದೆ ಹೋದೆ.

ಅಲ್ಲಿದ್ದ ಹುಡುಗಿ ದೊಡ್ಡಮ್ಮನ ಹೆಬ್ಬೆಟ್ಟನ್ನು ಮಿಷಿನ್ನಿನ ಮೇಲಿಡಿಸಿ, ತೆರೆ ನೋಡಿ, ಸಾಲಿನಲ್ಲಿ ಕೊನೆಗೆ ನಿಂತವನಿಗೂ ಕೇಳುವಂತೆ, "ದುಡ್ಡು ತಿಂಗ್ಳುತಿಂಗ್ಳೂ ಬತ್ತಾನೇ ಅದಲ್ಲವ್ವಾ! ಕ್ಯಾಂಪಿನ ಬ್ಯಾಂಕಲ್ಲಿ ನಿಮ್ದೊಂದು ಖಾತೆ ಅದಲ್ಲ, ಅದ್ಕೆ," ಎಂದಳು.

ಸಾಲು ಒಂದೇ ದನಿಯಲ್ಲಿ "ಓ" ಎಂದಿತು. ಸ್ವಿಟ್ಜರ್ಲೆಂಡಿನ ಬಾಯಿ ಬಿಡಿಸಲು ಎಷ್ಟೆಷ್ಟೋ ದೇಶಗಳು ವರ್ಷಾನುಗಟ್ಟಲೆ ಹೆಣಗಿದವಂತೆ. ದೊಡ್ಡಮ್ಮನದಕ್ಕೆ ಅವಳ ಹೆಬ್ಬೆಟ್ಟೇ ಸಾಕಾಯಿತು.

ದೊಡ್ಡಪ್ಪ ನಮಗಿಂತ ಮುಂದೆ ದಾಪುಗಾಲು ಹಾಕಿ ಮನೆಗೆ ಬಂದರು. ಜಗಲಿ ಮೇಲೆ ಕೂತ ಮೇಲೆ, "ನಾನೇನ್ ಕಮ್ಮಿ ಮಾಡಿದ್ದೆ ನಿಂಗೆ?" ಎಂದರು.

"ಏನೂ ಕಮ್ಮಿ ಮಾಡಿಲ್ಲ ಬುಡಿ," ಎಂದಳು ದೊಡ್ಡಮ್ಮ. "ನನ್ ಸೀರೆ ಎಷ್ಟು, ತವ್ರಿಂದ ಏನ್ ಬಂತು, ಎಲ್ಲಾ ನಿಮ್ಗೊತ್ತು. ನಿಮ್ಗೆ ಗೊತ್ತಿಲ್ದಿರೋದು ಅಂತ ನಂದೂ ಒಂದಿರ್ಲಿ ಅಂತ ಮಡಗಿದ್ದೆ. ಇವತ್ತು ಅದೂ ಓಯ್ತು."

ದೊಡ್ಡಪ್ಪ ಕಂಬ ನೋಡಿದರು, ಮಡಚಿಟ್ಟಿದ್ದ ಪೇಪರು ನೋಡಿದರು. ಆಮೇಲೆ ಮೆಲ್ಲಗೆ, "ಎಷ್ಟದೆ?"

"ಅದೊಂದು ಉಳ್ಕಂಡದೆ. ಅದ ಮಾತ್ರ ಏಳಾಕಿಲ್ಲ."

ಮಾರನೇ ದಿನವೇ ದೊಡ್ಡಪ್ಪ ನನ್ನ ಬೈಕು ಹತ್ತಿದರು; ಟಿಕ್ ಹಾಕಿದ ಕಥೆಯನ್ನೆಲ್ಲ ದಾರಿಯಲ್ಲೇ ನನ್ನಿಂದ ಬಾಯಿ ಬಿಡಿಸಿದರು. ಕ್ಯಾಂಪಿನ ಬ್ಯಾಂಕಿನಲ್ಲಿ ನೇರ ಕೌಂಟರಿಗೆ ಹೋಗಿ ಹೆಂಡತಿಯ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದರು.

"ಅವರೇ ಬರಬೇಕು ಸಾರ್," ಎಂದ ಗುಮಾಸ್ತ.

"ನಾನು ಗಂಡ ಕಣ್ರೀ!"

"ಗಂಡ ಆದ್ರೂ ಹೇಳಕ್ಕಾಗಲ್ಲ ಸಾರ್. ಖಾತೆ ವಿಷಯ ಬೇರೆಯವರಿಗೆ ಹೇಳೋ ಹಾಗಿಲ್ಲ."

ಬೇರೆಯವರು! ನ್ಯಾಯ ಕೇಳಲು ದೊಡ್ಡಪ್ಪ ಹಿಂದೆ ತಿರುಗಿದರು. ಹಿಂದಿದ್ದ ಲಾಮಾ ಸೌಮ್ಯವಾಗಿ ನಕ್ಕು, ಸ್ವಲ್ಪ ಪಕ್ಕಕ್ಕೆ ಸರಿಯುವಂತೆ ಕೈ ತೋರಿಸಿದ.

ಅವರು ಬೆಂಚಿನ ಮೇಲೆ ಬಹಳ ಹೊತ್ತು ಕೂತರು. ಸಾಲಿನಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ಓದಿದರು. ಕೊನೆಗೆ ನನ್ನ ಕಿವಿ ಹತ್ತಿರ ಬಾಗಿ ಕೇಳಿದರು: "ಇಲ್ಲಿಗೆ ನಮ್ಮೋರು ಯಾರೂ ಬರಾಕಿಲ್ವೇನ್ಲಾ?"

"ಒಬ್ರೂ ಬರಾಕಿಲ್ಲ ದೊಡ್ಡಪ್ಪ."

"ಒಸ ಖಾತೆ ಫಾರಂ ಎಲ್ಲಿ ಸಿಕ್ತದೆ, ಇಸ್ಕಂಡ್ ಬಾ."

ತಂದೆ. ಪೆನ್ನು ತೆಗೆದಾಗ ಕೈ ಮೇಲೆ ಹೊಡೆದರು. "ನೀ ಮುಟ್ಬ್ಯಾಡ! ಚೌಕಕ್ಕೆಲ್ಲಾ ಗೀಚ್ಬುಡ್ತೀಯ."

ಆಮೇಲಿನ ಸೋಮವಾರ ಪೇಪರು ಓದುವುದನ್ನು ಅರ್ಧಕ್ಕೆ ನಿಲ್ಲಿಸಿ ದೊಡ್ಡಪ್ಪ ಬಲಮಂಡಿ ಹಿಡಿದುಕೊಂಡರು. "ಯಾಕೋ ಮತ್ತೆ ಶುರುವಾಯ್ತು. ಕ್ಯಾಂಪಿಗೆ ಓಗಿ ಮಾತ್ರೆ ತರ್ಬೇಕು," ಎಂದು ಕುಂಟುತ್ತ ಬೈಕಿನ ಹತ್ತಿರ ಬಂದರು. ಅವರ ಕುಂಟಾಟ ನೋಡಿ ನನಗೇ ನಾಚಿಕೆಯಾಯಿತು. ಅಂಥದ್ದನ್ನು ನಾನು ಯಾರಿಗೂ ಕಲಿಸಿಲ್ಲ.

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಅವರ ಕಾಲನ್ನು ಒಂದು ಸಲ, ಮುಖವನ್ನು ಒಂದು ಸಲ ನೋಡಿದಳು. ಅಂಗಿಯ ಒಳಜೇಬು ಉಬ್ಬಿರುವುದನ್ನೂ ನೋಡಿದಳು.

"ವಾಪಸ್ ಬರೋವಾಗ್ಲೂ ಬಲಗಾಲೇ ಕಣ್ರೀ," ಎಂದಳು. "ಮರ್ತ್‌ಬುಟ್ಟೀರಿ."