ಕಾಗದದ ಕಪ್ಪಿನಲ್ಲಿ ಬಂದ ಕಾಫಿ

ಪಕ್ಕದ ಊರಿನ ಅಂಗನವಾಡಿಗೆ ಹೊಸ ಟೀಚರ್ ಬಂದ ಮೇಲೆ ಅಂಗನವಾಡಿ ಟೀಚರುಗಳ ತಿಂಗಳ ಮೀಟಿಂಗಿಗೆ ಹೋಗಲು ನನಗೊಬ್ಬಳು ಜೊತೆ ಸಿಕ್ಕಳು. ಕೊಡಗಿನ ತಿತಿಮತಿ ಕಡೆಯ ಯರವ ಬುಡಕಟ್ಟಿನ ಹಾಡಿಯವಳು. ಡಿಗ್ರಿ ಮುಗಿಸಿದ್ದಳು, ಕಡಿಮೆ ಮಾತು. ನನಗಿಂತ ತುಂಬಾ ಚಿಕ್ಕವಳಾದ್ದರಿಂದ ಮೊದಲ ದಿನವೇ ಅಕ್ಕ ಎಂದು ಕರೆದಳು.

ಒಂದು ಮಧ್ಯಾಹ್ನ ಮೀಟಿಂಗ್ ಮುಗಿದಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಅವಳನ್ನು ಕರೆದುಕೊಂಡು ಹೋದೆ. ಮಾಲೀಕರಿಗೆ ನಮ್ಮ ಮಾವನ ಕಾಲದಿಂದ ನಮ್ಮ ಮನೆಯ ಪರಿಚಯ. ಹತ್ತಿರ ಬಂದು ಮಾತಾಡಿಸಿದರು. ಆಮೇಲೆ, "ಇವರು ಎಲ್ಲಿಯವರು ಟೀಚರೇ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ತನ್ನ ಹಾಡಿಯ ಹೆಸರು ಹೇಳಿದಳು.

ಕಾಫಿ ಬಂತು. ನನಗೆ ಗಾಜಿನ ಲೋಟದಲ್ಲಿ, ಅವಳಿಗೆ ಕಾಗದದ ಕಪ್ಪಿನಲ್ಲಿ.

ಲೋಟ ತೊಳೆದಾಗಿರಲಿಕ್ಕಿಲ್ಲ ಎಂದುಕೊಂಡು ನಾನು ಕುಡಿಯಲು ಶುರು ಮಾಡಿದ್ದೆ. ಅವಳು ಕಪ್ಪನ್ನು ಮುಟ್ಟಲಿಲ್ಲ. ಅದನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಗಲ್ಲಾದ ಹತ್ತಿರ ಹೋದಳು.

"ಅಕ್ಕನಿಗೆ ಲೋಟ ಕೊಟ್ಟಿದ್ದೀರಿ. ನನಗೆ ಎಂತಕ್ಕೆ ಕಾಗದದ್ದು?"

"ಎಲ್ಲಾ ಕ್ಲೀನಾಗಿರ್ಲಿ ಅಂತಮ್ಮ. ಬೇಜಾರು ಮಾಡ್ಬೇಡಿ."

"ಹಂಗಾದ್ರೆ ಅಕ್ಕನಿಗೂ ಅದರಲ್ಲೇ ಕೊಡ್ಬೇಕಿತ್ತಲ್ಲ?"

ಅವರು ನನ್ನ ಮುಖ ನೋಡಿದರು. ನಾನು ಅವಳಿಗೆ ಸಮಾಧಾನ ಹೇಳಲಿ ಎಂಬ ನಿರೀಕ್ಷೆ ಆ ನೋಟದಲ್ಲಿತ್ತು. ನಾನು ಎದ್ದು ಅವಳ ಪಕ್ಕ ನಿಂತು, "ಅವಳು ಕೇಳಿದ್ದಕ್ಕೆ ಉತ್ತರ ಹೇಳಿ" ಎಂದೆ. ಅವರು ದನಿ ತಗ್ಗಿಸಿದರು. "ನನಗೆ ಎಂತದೂ ಇಲ್ಲ ಟೀಚರೇ. ಗಿರಾಕಿಗಳು ಒಪ್ಪೋದಿಲ್ಲ."

"ಹೋಟೆಲ್ ಎಲ್ಲರಿಗೂ ಒಂದೇ ಅಂತ ಸಂವಿಧಾನದಲ್ಲಿ ಇದೆ. ನಿಮ್ಮ ಗಿರಾಕಿಗಳನ್ನು ಕೇಳಿ ಬರೆದದ್ದಲ್ಲ ಅದು" ಎಂದು ಅವಳು ಹೊರಗೆ ನಡೆದಳು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು. "ನಮ್ಮಮ್ಮ ಆ ಹೋಟೆಲಿನ ಹೊರಗೆ ನಿಂತೇ ಕಾಗದದ ಕಪ್ಪಲ್ಲಿ ಕಾಫಿ ಕುಡಿಯೋದು ಅಕ್ಕ. ತೋಟಕ್ಕೆ ಕಾಫಿ ಪಿಕಿಂಗಿಗೆ ಹೋಗುವ ಜೀಪು ಬರ್ತದಲ್ಲ, ಅವಸರಕ್ಕೆ ಅಂತ ಅಂದ್ಕೊಂಡಿದ್ದೆ. ಇವತ್ತು ಒಳಗೆ ಬೆಂಚಲ್ಲಿ ಕೂತ್ಮೇಲೂ ಅದೇ ಕಪ್ಪು ಬಂತು."

ಪೊಲೀಸ್ ಠಾಣೆಗೆ ಹೋಗುವುದಾದರೆ ನಾನು ಕಂಡದ್ದನ್ನು ಹೇಳುತ್ತೇನೆ ಎಂದೆ. ಅವಳು ಎರಡು ದಿನ ಯೋಚಿಸಿದಳು. ಕೇಸು ಆಗಬಹುದಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೆ ಹಾಡಿಯವರೆಲ್ಲ ದಿನವೂ ಇಳಿಯುವುದು ಅದೇ ಬಸ್‌ಸ್ಟ್ಯಾಂಡಿನಲ್ಲಿ, ಕೇಸಾದರೆ ಅವರಿಗೆ ತೊಂದರೆ. ಕೊನೆಗೆ ನನ್ನನ್ನು ಜೊತೆ ಮಾಡಿಕೊಂಡು ಗಿರಿಜನ ಕಲ್ಯಾಣ ಇಲಾಖೆಯ ಅಧಿಕಾರಿಯ ಬಳಿ ಹೋಗಿ ನಡೆದದ್ದನ್ನು ಹೇಳಿದಳು. ಅವರು ಮರುದಿನವೇ ಹೋಟೆಲಿಗೆ ಹೋಗಿ, ಇನ್ನೊಮ್ಮೆ ಹೀಗಾದರೆ ಮಾತು ಠಾಣೆಯಲ್ಲಿ ಎಂದು ಹೇಳಿ ಬಂದರಂತೆ.

ಮುಂದಿನ ಮೀಟಿಂಗಿನ ದಿನ ಅಲ್ಲಿಗೇ ಹೋಗೋಣ ಎಂದವಳು ಅವಳೇ. ಹೋಗಿ ನೋಡಿದರೆ ಎಲ್ಲರ ಮುಂದೆಯೂ ಕಾಗದದ ಕಪ್ಪು. ಗಾಜಿನ ಲೋಟ ಒಂದೂ ಕಾಣಲಿಲ್ಲ. ಮೂಲೆಯಲ್ಲಿದ್ದ ಹಿರಿಯ ಪ್ಲಾಂಟರ್ ಒಬ್ಬರು, "ಕಾಫಿ ಬೆಳೆಯುವ ಊರಲ್ಲಿ ಕಾಗದದ ರುಚಿ ಕುಡಿಸ್ತೀರಲ್ಲ" ಎಂದು ಗೊಣಗುತ್ತಿದ್ದರು. ಅವಳಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಉಳಿಯಿತು. ಅವಳ ತುಟಿ ತಾಗಿದ ಲೋಟವನ್ನು ಇನ್ನೊಬ್ಬರಿಗೆ ಕೊಡುವುದಕ್ಕಿಂತ ಲೋಟವನ್ನೇ ತೆಗೆದುಬಿಡುವುದು ಆ ಮನುಷ್ಯನಿಗೆ ಸುಲಭವಾಗಿತ್ತು. ಕಾನೂನಿನ ಕಣ್ಣಿಗೆ ಅಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಹಳೆಯ ಗಿರಾಕಿಗಳ ಗೊಣಗಾಟ ತಡೆಯಲಾರದೆ ಮಳೆಗಾಲದ ಹೊತ್ತಿಗೆ ಮಾಲೀಕರು ಲೋಟಗಳನ್ನು ಮತ್ತೆ ಹೊರಗೆ ತೆಗೆದರು. ಈ ಸಲ ಅವಳಿಗೂ ಲೋಟದಲ್ಲೇ ಬಂತು. ಮಾಲೀಕರೇ ತಂದಿಟ್ಟರು, ಅವಳ ಮುಖ ನೋಡಲಿಲ್ಲ. ಅವಳು ನಿಧಾನವಾಗಿ ಕುಡಿದಳು. ಹೊರಗೆ ಹಾಡಿಯ ಇಬ್ಬರು ಹೆಂಗಸರು ಕಾಫಿಗೆ ಕಾದು ನಿಂತಿದ್ದರು. ಅವಳು ಬಾಗಿಲಿಗೆ ಹೋಗಿ ಒಳಗೆ ಕರೆದಳು. ಒಬ್ಬಳು, "ಬೇಡ, ಜೀಪು ಬರ್ತದೆ" ಎಂದು ಅಲ್ಲೇ ನಿಂತಳು. ಇನ್ನೊಬ್ಬಳು ಚಪ್ಪಲಿ ಬಿಡಲು ಹೊರಟಾಗ ಅವಳು, "ಹಾಕ್ಕೊಂಡೇ ಬನ್ನಿ ಅಕ್ಕ, ಇಲ್ಲಿ ಯಾರೂ ಬಿಡೋದಿಲ್ಲ" ಎಂದಳು.

ಬಂದವಳು ನನ್ನ ಪಕ್ಕ ಬೆಂಚಿನ ತುದಿಯಲ್ಲಿ ಕೂತಳು. ನಾನು ಗೋಡೆಯ ಕಡೆ ಸರಿದು ಜಾಗ ಮಾಡಿದೆ.