ಶಿಡ್ಲಘಟ್ಟದಲ್ಲಿ ನಾನುಂಡ ಹಿಡಿಧಾನ್ಯ

ಶನಿವಾರ ಮಧ್ಯಾಹ್ನ ಪ್ರಾರ್ಥನಾ ಮಂದಿರದ ನೆಲದ ಮೇಲೆ ಬಿಳಿಯ ಪಂಚೆಯೊಂದನ್ನು ಹಾಸಿ, ಅದರ ಮುಂದೆ ನನ್ನನ್ನು ಕೂರಿಸಿದರು. ಕ್ರೈಸ್ತ ಸಭೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಗಡಿಗೆಗಳನ್ನು ಅದರ ಮೇಲೆ ಬೋರಲು ಮಾಡಿದರು. ಮೊದಲು ರಾಗಿ ಬಿತ್ತು, ಅದರ ಮೇಲೆ ನುಚ್ಚಕ್ಕಿ, ಅದರ ಮೇಲೆ ಹುರುಳಿ, ಮತ್ತೆ ರಾಗಿ. ಒಂದು ಗಡಿಗೆಯ ಅಕ್ಕಿಯೊಳಗಿಂದ ಹುಳುಗಳು ಹೊರಬಂದು ಪಂಚೆಯ ಅಂಚಿನ ಕಡೆಗೆ ನಡೆಯತೊಡಗಿದವು. ಪ್ರತಿಯೊಂದು ಗಡಿಗೆ ಬರಿದಾದಾಗಲೂ ನಾನು ‘ದೇವರು ನಿಮ್ಮನ್ನು ಆಶೀರ್ವದಿಸಲಿ’ ಎನ್ನಬೇಕಾಗಿತ್ತು. ಹುಳುಗಳ ಗಡಿಗೆಗೂ ಎಂದೆ.

ಮಂಗಳೂರಿನ ನಿಮಗೆ ಹಿಡಿಯಕ್ಕಿಯನ್ನು ವಿವರಿಸಬೇಕಾಗಿಲ್ಲ. ಒಲೆ ಹೊತ್ತಿಸುವ ಮುನ್ನ ದೇವರ ಹೆಸರಿನಲ್ಲಿ ಒಂದು ಹಿಡಿ ತೆಗೆದಿಟ್ಟು, ವಾರದ ಕೊನೆಗೆ ಸಭೆಯ ಬಡವರಿಗೆ ಕೊಡುವುದು ನಮ್ಮಲ್ಲಿಯೂ ಉಂಟು. ಆದರೆ ನಮ್ಮಲ್ಲಿ ಎಲ್ಲರ ಒಲೆಯ ಮೇಲೂ ಬೇಯುವುದು ಕುಚ್ಚಲಕ್ಕಿಯೇ ಆದ್ದರಿಂದ ಯಾರ ಹಿಡಿ ಯಾವುದೆಂದು ತಿಳಿಯುವುದಿಲ್ಲ. ಪಡೆಯುವವರನ್ನು ಎದುರಿಗೆ ಕೂರಿಸುವುದೂ ಇಲ್ಲ. ಹಿತ್ತಲ ಬಾಗಿಲಲ್ಲಿ ಇಟ್ಟು ಬರುತ್ತಾರೆ. ಶಿಡ್ಲಘಟ್ಟದಲ್ಲಿ ಕರುಣೆಗೆ ನೋಡುವವರು ಬೇಕಾಗಿತ್ತು.

ಕರಾವಳಿಯು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನನ್ನ ಯಜಮಾನರು ಇಲ್ಲಿಯ ಮಿಷನ್ ಶಾಲೆಗೆ ಉಪಾಧ್ಯಾಯರಾಗಿ ಬಂದರು. ಶಾಲೆಯ ಹಿಂದಿನ ಒಂಟಿ ಕೋಣೆಯೇ ನಮ್ಮ ಬಿಡಾರ. ಮಂಗಳೂರಿನಲ್ಲಿ ಗಾಳಿಗೆ ಮೀನಿನ ವಾಸನೆ, ಇಲ್ಲಿ ಬೆಂದ ರೇಷ್ಮೆಗೂಡಿನ ವಾಸನೆ. ಮೀನಿನದು ತೊಳೆದರೆ ಹೋಗುತ್ತದೆ. ಇಲ್ಲಿ ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುತ್ತಿತ್ತು, ಗೆದ್ದವರು ಯಾರೆಂದು ನನಗೆ ಗೊತ್ತಾಗುತ್ತಿರಲಿಲ್ಲ. ನಾನು ಬಾಯಿ ತೆರೆದ ಮೊದಲ ಭಾನುವಾರವೇ ‘ಪುಸ್ತಕ ಓದ್ದಂಗೆ ಮಾತಾಡ್ತಾಳೆ ಕಣೇ!’ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕವಳು ಕಂಪೌಂಡರನ ಹೆಂಡತಿ. ಮರೆತಿಲ್ಲ.

ಎರಡನೆಯ ವರ್ಷ ಯಜಮಾನರಿಗೆ ಕ್ಷಯ ತಗುಲಿತು. ಅವರನ್ನು ಆಂಧ್ರದ ಕಡೆಯ ಸ್ಯಾನಟೋರಿಯಮ್ಮಿಗೆ ಸೇರಿಸಿದರು, ಸಂಬಳ ನಿಂತಿತು. ಆಗಾಗ ಬಸ್ಸು ಹಿಡಿದು ಹೋಗಿ ಅವರ ಮುಖ ನೋಡಿ ಬರಬೇಕಾದರೆ ನಾನೂ ನಾಲ್ಕು ವರ್ಷದ ಮಗಳು ಎಸ್ತೇರಳೂ ಇಲ್ಲಿಯೇ ಇರಬೇಕಿತ್ತು, ಇರಲು ಆ ಕೋಣೆ ಬೇಕಿತ್ತು, ಉಣ್ಣಲು ಹಿಡಿಧಾನ್ಯ ಬೇಕಿತ್ತು. ಎರಡನ್ನೂ ದಯಪಾಲಿಸಿದವರು ಹೆಡ್‌ಮಾಸ್ಟರರ ಹೆಂಡತಿ, ಸ್ತ್ರೀಯರ ಕೂಟದ ಅಧ್ಯಕ್ಷೆ ಸುಗುಣಮ್ಮನವರು. ಹುಳುವಿನ ಗಡಿಗೆ ಅವರದೇ.

ಅಕ್ಕಿಯನ್ನು ಜರಡಿ ಹಿಡಿದು ಬೇರೆ ಮಾಡಿದೆ. ಉಳಿದ ರಾಗಿಯನ್ನು ಏನು ಮಾಡಬೇಕೆಂದು ತಿಳಿಯದೆ, ಅಕ್ಕಿಯಂತೆಯೇ ಇಡೀ ಕಾಳನ್ನು ಬೇಯಲಿಟ್ಟೆ. ಗೋಡೆಯಾಚೆಯ ಮುನಿಯಮ್ಮ ಇಣುಕಿದಳು. ಅವಳು ಚರಕದಲ್ಲಿ, ಎಂದರೆ ಗೂಡಿನಿಂದ ರೇಷ್ಮೆ ಬಿಚ್ಚುವ ಕಡೆ, ಕೂಲಿಯವಳು. ಕುದಿನೀರಿನಲ್ಲಿ ಅದ್ದಿ ಅದ್ದಿ ಬೆರಳುಗಳು ಬಿಳಿಚಿಕೊಂಡಿದ್ದವು.

“ಏನಮ್ಮ ಮಂಗ್ಳೂರಮ್ಮ, ಕೋಳಿಗೆ ಬೇಯಿಸ್ತಿದ್ದೀಯಾ?”

“ಮಗುವಿಗೆ.”

“ಅಯ್ಯೋ ನಿನ್ನ! ಬೀಸ್ದೆ ಹಂಗೇ ಸುರಿದಿದ್ದೀಯಲ್ಲ. ತತ್ತಾ ಇಲ್ಲಿ.”

ಅಂದಿನಿಂದ ಅದೇ ಏರ್ಪಾಡಾಯಿತು. ನನ್ನ ರಾಗಿಯನ್ನು ಅವಳು ಬೀಸಿ, ಮುದ್ದೆ ತಿರುವಿ, ಅರ್ಧ ತನ್ನ ಮನೆಗೆ ಇಟ್ಟುಕೊಂಡು ಅರ್ಧವನ್ನು ಗೋಡೆಯ ಮೇಲಿಂದ ಕೊಡುತ್ತಿದ್ದಳು. ಸಂಗಟಿ ಎಂದು ಅವಳು ತೆಲುಗಿನಲ್ಲಿ ಕರೆಯುತ್ತಿದ್ದುದು ಅದನ್ನೇ. ನಾನು ಅಗಿದರೆ ಬೈಯುತ್ತಿದ್ದಳು: “ನುಂಗಮ್ಮ! ಹಲ್ಲಿಗೇನು ಕೆಲ್ಸ ಅದ್ರಲ್ಲಿ?” ಮುದ್ದೆಯನ್ನು ತನ್ನ ಕೈ ತಟ್ಟೆಗೆ ತಾಗದಂತೆ ಮೇಲಿನಿಂದಲೇ ಬೀಳಿಸುತ್ತಿದ್ದಳು. “ನಿಮ್ಮೋರು ಮುಟ್ಟಿದ್ದು ನಮ್ಮತ್ತೆಗೆ ಆಗಲ್ಲ, ಬೇಜಾರ್ ಮಾಡ್ಕಬೇಡ,” ಎಂದಳು. ಬೇಜಾರು ಮಾಡಿಕೊಂಡೆ, ಮುದ್ದೆಯನ್ನೂ ನುಂಗಿದೆ.

ಒಂದು ದಿನ ಹೀಗೆ ಮುದ್ದೆ ಬೀಳುತ್ತಿದ್ದಾಗಲೇ ಸುಗುಣಮ್ಮನವರು ಅಂಗಳಕ್ಕೆ ಬಂದರು.

“ಏನಮ್ಮಾ ಇದು? ದೇವರ ಹೆಸರಲ್ಲಿ ತೆಗೆದಿಟ್ಟ ಹಿಡೀನ ಹೊರಗಿನೋರ ಒಲೆಗೆ ಹಾಕ್ತಿದ್ದೀಯಾ?”

“ನನಗೆ ಮುದ್ದೆ ಮಾಡಲು ಬರುವುದಿಲ್ಲ.”

“ಅದಕ್ಕೆ ಅರ್ಧ ಅವರಿಗೆ ದಾನಾನಾ? ವಿಶ್ವಾಸಿಗಳ ಪಾಲು ಅದು.”

ಮುನಿಯಮ್ಮ ಗೋಡೆಯಾಚೆಯಿಂದ ಹೇಳಿದಳು: “ನಿಮ್ಮ ದೇವ್ರಿಗೆ ಹಿಟ್ಟು ತಿರುವೋಕೆ ಬರತ್ತಾ ಅಮ್ಮಾವ್ರೇ? ಬಂದ್ರೆ ಕಳ್ಸಿ, ನಂಗೂ ತೋಳು ನೋಯ್ತೈತೆ.”

ಆ ಮಾತಿಗೆ ದಂಡ ತೆತ್ತವಳು ನಾನು. ಭಾನುವಾರ, ಸಾಕ್ಷಿ ಹೇಳುವ ಹೊತ್ತಿನಲ್ಲಿ, ಎಂದರೆ ದೇವರು ಮಾಡಿದ ಉಪಕಾರವನ್ನು ಭಕ್ತರು ಎದ್ದು ನಿಂತು ಹೇಳುವಾಗ, ನಾನು ಸಭೆಯ ಕ್ಷಮೆ ಬೇಡಬೇಕು. ಇಲ್ಲವಾದರೆ ಧಾನ್ಯವೂ ಇಲ್ಲ, ಕೋಣೆಯೂ ಇಲ್ಲ ಎಂದು ತೀರ್ಮಾನವಾಯಿತು. ಅಯ್ಯನವರು, ಸಭೆಯ ಪಾಲಕರು, ಮೃದುವಾಗಿ ಹೇಳಿದರು: “ಒಂದು ಮಾತು ಹೇಳಿಬಿಡಮ್ಮ. ಮಗು ಇದೆ.”

ಕ್ಷಮೆ ಬೇಡಲೆಂದೇ ಎದ್ದೆ. ಮುಂದಿನ ಬೆಂಚಿನಲ್ಲಿ ಸುಗುಣಮ್ಮನವರು ಕ್ಷಮಿಸಲು ಮೊದಲೇ ಮುಖವನ್ನು ಸಿದ್ಧಮಾಡಿಕೊಂಡು ಕುಳಿತಿದ್ದರು. ಆ ಮುಖವನ್ನು ಕಂಡೊಡನೆ ನನ್ನ ಬಾಯಿಂದ ಬೇರೆಯೇ ಮಾತು ಹೊರಟಿತು. “ಸುಗುಣಮ್ಮನವರ ಅಕ್ಕಿಗಾಗಿ ದೇವರಿಗೆ ಸ್ತೋತ್ರ, ಹುಳುಗಳೂ ಅದರಿಂದಲೇ ಬದುಕಿವೆ. ಕಂಪೌಂಡರರ ಮನೆಯ ರಾಗಿಗಾಗಿ ಸ್ತೋತ್ರ. ಅದರಲ್ಲಿದ್ದ ಮಣ್ಣಿನಿಂದ ಒಲೆ ಮೆತ್ತಿಕೊಂಡೆ.” ಹೀಗೆ ಪ್ರತಿಯೊಂದು ಮನೆಯ ಹೆಸರನ್ನೂ ಹೇಳಿ, ಬಂದದ್ದಕ್ಕೆ ತಕ್ಕ ಕೃತಜ್ಞತೆ ಸಲ್ಲಿಸಿದೆ. ಕೊನೆಗೆ, ಸುಗುಣಮ್ಮನವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ವಿಧವೆಯ ಕಡೆ ತಿರುಗಿ, “ರಾಹೇಲಮ್ಮನ ಅಕ್ಕಿಗಾಗಿ ಸ್ತೋತ್ರ, ಅದರಲ್ಲಿ ಒಂದು ಕಲ್ಲೂ ಇರಲಿಲ್ಲ,” ಎಂದೆ. ಅಯ್ಯನವರು ಕಣ್ಣು ಮುಚ್ಚಿಕೊಂಡೇ ಆಮೆನ್ ಎಂದರು.

ನನ್ನನ್ನು ಹೊರಹಾಕುವುದಕ್ಕೆ ಮೊದಲು ಅವರಿಗೆ ಇನ್ನೊಬ್ಬಳು ಸಿಕ್ಕಳು. ಮಂದಿರದ ಬಾಗಿಲಲ್ಲೇ ಸುಗುಣಮ್ಮನವರು ರಾಹೇಲಮ್ಮನನ್ನು ನಿಲ್ಲಿಸಿದರು.

“ನನ್ನ ಗಡಿಗೇಲಿ ಹುಳ. ನನ್ನ ಅಡುಗೆಯವಳ ಗಡಿಗೇಲಿ ಒಳ್ಳೇ ಅಕ್ಕಿ. ಎಲ್ಲಿಂದ ಬಂತೇ?”

“ನಮ್ಮಕ್ಕ ಮಂಚೇನಹಳ್ಳಿಯಿಂದ ಕಳ್ಸಿದ್ದಮ್ಮ, ದೇವರಾಣೆ.”

“ಕದ್ದ ಬಾಯಲ್ಲಿ ದೇವರ ಹೆಸರು ಎತ್ತಬೇಡ!”

ಗಡಿಗೆಯ ಗುಟ್ಟು ಬಯಲಾದ ಅಷ್ಟೂ ಹೆಂಗಸರು ಆ ಮಾತಿಗೆ ತಲೆದೂಗಿದರು. ನಾನು ರಾಹೇಲಮ್ಮನ ಪರವಾಗಿ ಕೂಗಾಡಿದೆ; ಕೇಳುವವರಿರಲಿಲ್ಲ. ಅವಳು ನನ್ನನ್ನು ಮಾತ್ರ ನೋಡಿದಳು. “ನನ್ನ ಹೊಗಳು ಅಂತ ಯಾರಮ್ಮ ಕೇಳಿದ್ರು ನಿನ್ನ?” ಎಂದಳು. ಅಂದೇ ಅವಳ ಕೆಲಸ ಹೋಯಿತು. ಆ ಪಾಪ ಸುಗುಣಮ್ಮನವರದು ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಕೋಣೆ ಬಿಡಿಸಿದರು. ಮುನಿಯಮ್ಮ ತನ್ನ ಸೌದೆ ಕೊಟ್ಟಿಗೆಯಲ್ಲಿ ಜಾಗ ಕೊಟ್ಟಳು. ಅಡುಗೆಮನೆಯ ಹೊಸಿಲನ್ನು ಅಲ್ಲಿಯೂ ದಾಟಿಸಲಿಲ್ಲ. ಚರಕದಲ್ಲಿ ಕೂಲಿ ಕೊಡಿಸಿದಳು. ನನ್ನ ಬೆರಳುಗಳೂ ಬಿಳಿಚಿದವು. ಆ ಬೆರಳುಗಳಿಂದಲೇ ಯಜಮಾನರ ಹಣೆಯನ್ನು ಕೊನೆಯ ಸಲ ಮುಟ್ಟಿದೆ. ಅವರು ವಾಸನೆಗೆ ಮುಖ ತಿರುಗಿಸಿಕೊಂಡರು.

ಅವರು ತೀರಿಕೊಂಡ ವಾರ, ಶನಿವಾರ ಮಧ್ಯಾಹ್ನ, ರಾಹೇಲಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಆಗ ಅವಳು ಅಕ್ಕಿ ಗಿರಣಿಯೊಂದರಲ್ಲಿ ಕಲ್ಲು ಆರಿಸುವ ಕೂಲಿಗೆ ಹೋಗುತ್ತಿದ್ದಳು. ಬಟ್ಟೆಯಲ್ಲಿ ಕಟ್ಟಿದ ಅಕ್ಕಿಯ ಗಂಟೊಂದನ್ನು ನೆಲದ ಮೇಲೆ ಇಟ್ಟಳು.

“ನಿನ್ನ ನೋಡಾಕೆ ಬಂದಿಲ್ಲ. ಮಗೀಗೆ.”

ಅದೇ ಅವಳು ನನ್ನೊಡನೆ ಆಡಿದ ಕೊನೆಯ ಮಾತು. ಬಂದದ್ದು ಮಾತ್ರ ಪ್ರತಿ ಶನಿವಾರ, ವರ್ಷಗಳವರೆಗೆ. ಗಂಟು ಇಡುವಳು, ಹಿಂದಿನ ವಾರದ ಬಟ್ಟೆಯನ್ನು ಎತ್ತಿಕೊಳ್ಳುವಳು, ಹೋಗುವಳು. ದೇವರು ಆಶೀರ್ವದಿಸಲಿ ಎಂದು ನಾನು ಹೇಳುವಷ್ಟು ಹೊತ್ತು ಕೂಡ ನಿಲ್ಲುತ್ತಿರಲಿಲ್ಲ. ಶಿಡ್ಲಘಟ್ಟದ ಸಭೆಯಲ್ಲಿ ನಾನು ಕೇಳಿದ ಉಪದೇಶಗಳಲ್ಲಿ ಯಾವುದೂ ಇದಕ್ಕಿಂತ ಕಠಿಣವಾಗಿರಲಿಲ್ಲ.

ಎಸ್ತೇರಳಿಗೆ ಹತ್ತು ವರ್ಷವಾದಾಗ ನನ್ನ ಅಣ್ಣ ಮಂಗಳೂರಿನಿಂದ ಕರೆದೊಯ್ಯಲು ಬಂದ. “ಇಲ್ಲಿ ನಿನಗೆ ಯಾರಿದ್ದಾರೆ?” ಎಂದು ತುಳುವಿನಲ್ಲಿ ಕೇಳಿದ. ಅಷ್ಟರಲ್ಲಿ ರಾಹೇಲಮ್ಮ ಬಂದು ಗಂಟು ಇಟ್ಟು ಹೋದಳು.

“ಅವಳು ಯಾರು?”

“ನನ್ನ ಮುಖ ನೋಡದವಳು.”

“ಅಂಥವಳಿಗಾಗಿ ಇಲ್ಲಿ ಇರುತ್ತೀಯಾ?”

ಶಾಲೆಗೆಂದು ಮಗಳನ್ನು ಅವನೊಡನೆ ಕಳುಹಿಸಿದೆ, ನಾನು ಹೋಗಲಿಲ್ಲ. ಮಂಗಳೂರಿನಲ್ಲಿ ಪ್ರೀತಿಯಿಂದ ಉಣಿಸುವವರು ಹಲವರಿದ್ದರು. ಕ್ಷಮಿಸದೆಯೂ ಉಣಿಸಿದವಳು ಒಬ್ಬಳು, ಅವಳು ಇಲ್ಲಿದ್ದಳು.

ಮುಂದಿನ ಶನಿವಾರ ರಾಹೇಲಮ್ಮ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಮಗು ಊರಿನಲ್ಲಿಲ್ಲವೆಂದು ಅವಳಿಗೆ ತಿಳಿದಿತ್ತು.

ಈಗಲೂ ಬೇಸಿಗೆಯಲ್ಲಿ ನಿಮ್ಮ ಕಡೆಗೆ ಬರುತ್ತೇನೆ. ಮಗಳು ಕುಚ್ಚಲಕ್ಕಿ ಅನ್ನ ಬಡಿಸಿ, ಅಮ್ಮಾ, ಇಲ್ಲೇ ಇದ್ದುಬಿಡು ಎನ್ನುತ್ತಾಳೆ. ಶನಿವಾರ ಮಧ್ಯಾಹ್ನ ನನ್ನ ಬಾಗಿಲಲ್ಲಿರಬೇಕೆಂದು ನಾನು ಶುಕ್ರವಾರದೊಳಗೆ ಹೊರಟುಬಿಡುತ್ತೇನೆ.