ಮೊಳೆ ಕಾರ್ಖಾನೆಯ ಕಿವಿಯಕ್ಕ

ಬೆಳಗಿನ ಐದೂ ಮುಕ್ಕಾಲು. ಮೊಳೆ ಕಾರ್ಖಾನೆಯ ಒಳಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಾರೆ. ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ, ಅದರ ತುಂಬ ಬೆರಳ ತುದಿಯಷ್ಟಿರುವ ಹಳದಿ ಸ್ಪಂಜಿನ ತುಂಡುಗಳು. ಕಂಪನಿಯ ಕಾಗದಪತ್ರಗಳಲ್ಲಿ ಅವಕ್ಕೆ ಇಯರ್‌ಪ್ಲಗ್ ಎಂದು ಹೆಸರು. ಇಲ್ಲಿಯವರ ಬಾಯಲ್ಲಿ ಬಿರಡೆ. ಮೊದಲ ಪಾಳಿಯ ಎಂಬತ್ನಾಲ್ಕು ಮಂದಿ ಈಕೆಯ ಮುಂದೆ ಹಾಯ್ದೇ ಒಳಗೆ ಹೋಗಬೇಕು. ಬಂದವರ ಮುಖ ಇವರಿಗೆ ಬೇಕಿಲ್ಲ. ಹಸು ಕೊಳ್ಳುವವರು ಸೀದಾ ಹಲ್ಲಿಗೆ ಕೈಹಾಕುವಂತೆ ಇವರ ಕಣ್ಣು ಸೀದಾ ಕಿವಿಗೆ.

"ಏನಕ್ಕಾ, ಇವತ್ತು ಕಿವಿ ತೊಳ್ಕೊಂಡೇ ಬಂದಿದ್ದೀನಿ, ನೋಡ್ಕೋ" ಎನ್ನುತ್ತಾನೆ ತಂತಿಯ ಸುರುಳಿ ಏರಿಸುವ ಪೈಲ್ವಾನ. ಹೆಸರಿಗಷ್ಟೇ ಪೈಲ್ವಾನ, ಜೋರು ಗಾಳಿ ಬೀಸಿದರೆ ಬಾಗಿಲು ಹಿಡಿದು ನಿಲ್ಲುವ ಆಳು.

"ತೊಳೆದಿರೋದು ಕಾಣುತ್ತೆ. ಬಿರಡೆ ಹಾಕಿರೋದು ಕಾಣ್ತಿಲ್ಲ. ಅಂಗಿ ಗುಂಡಿ ಥರ ಹೊರಗೆ ನೇತಾಡ್ತಿದೆಯಲ್ಲೋ! ಎರಡೂ ಕೈಯಿಂದ ಕಿವಿ ಮುಚ್ಕೋ. ಒಳಗಿನ ಮಷೀನಿನ ಸದ್ದು ಕಮ್ಮಿ ಆಯ್ತಾ?"

"ಆಯ್ತು."

"ಹಾಗಾದ್ರೆ ಬಿರಡೆ ಕೂತಿಲ್ಲ ಅಂತ ಅರ್ಥ. ಸರಿಯಾಗಿ ಕೂತಿದ್ರೆ ಕೈ ಮುಚ್ಚಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ತೆಗಿ, ಮತ್ತೆ ಹಾಕು."

ಹಾಕುವ ಕ್ರಮವನ್ನು ಅವರು ಮಾಡಿ ತೋರಿಸುತ್ತಾರೆ. ಬಿರಡೆಯನ್ನು ಬೆರಳುಗಳ ನಡುವೆ ಬತ್ತಿ ಹೊಸೆದಂತೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆಯಬೇಕು. ಒಳಗೆ ತಳ್ಳಿ, ಅದು ಉಬ್ಬಿಕೊಳ್ಳುವ ತನಕ ಇಪ್ಪತ್ತು ಎಣಿಸುತ್ತ ಒತ್ತಿ ಹಿಡಿಯಬೇಕು. ಪೈಲ್ವಾನ ಹದಿಮೂರಕ್ಕೇ ಕೈಬಿಡುತ್ತಾನೆ. ಅಕ್ಕ ಅವನ ಕೈ ಹಿಡಿದು ಉಳಿದ ಏಳನ್ನು ತಾವೇ ಎಣಿಸುತ್ತಾರೆ.

ಪೈಲ್ವಾನನ "ಆಯ್ತು" ಅವರಿಗೆ ಕೇಳಿಸಿದ್ದಲ್ಲ. ತುಟಿ ನೋಡಿ ತಿಳಿದುಕೊಂಡದ್ದು. ಎಂಬತ್ನಾಲ್ಕು ಜನರ ಕಿವಿ ಕಾಯುವ ಈ ಐವತ್ತೊಂದರ ಹೆಂಗಸಿಗೆ ಎರಡೂ ಕಿವಿ ಮುಕ್ಕಾಲುಪಾಲು ಹೋಗಿವೆ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಕಿವಿಯಕ್ಕ ಎಂದೇ. ಹಿಂದಿನಿಂದ ಕರೆದರೆ ಮಾತ್ರ ಪ್ರಯೋಜನವಿಲ್ಲ.

ಒಳಗೆ ಇಪ್ಪತ್ತೆಂಟು ಮಷೀನುಗಳಿವೆ. ಒಂದೊಂದೂ ನಿಮಿಷಕ್ಕೆ ಇನ್ನೂರೈವತ್ತು ಸಲ ತಂತಿಯನ್ನು ಕಚ್ಚಿ ಹಿಡಿದು, ತಲೆ ಚಪ್ಪಟೆ ಮಾಡಿ, ಚೂಪಾಗಿ ಕತ್ತರಿಸಿ ಉಗುಳುತ್ತದೆ. ಆ ಸದ್ದನ್ನು ಕಿವಿಗಿಂತ ಮೊದಲು ಎದೆಯ ಮೂಳೆ ಕೇಳಿಸಿಕೊಳ್ಳುತ್ತದೆ. ಅಳತೆಯ ಯಂತ್ರ ಹಿಡಿದರೆ ನೂರಾಮೂರು ಡೆಸಿಬಲ್ ತೋರಿಸುತ್ತದೆ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಗೆ ಬರುವ ದಾದಿ ಇದನ್ನು ಹೀಗೆ ಬಿಡಿಸಿ ಹೇಳುತ್ತಾರೆ: ಎಂಬತ್ತೈದು ಇದ್ದರೆ ಬರಿಗಿವಿ ಎಂಟು ಗಂಟೆ ತಡೆದುಕೊಳ್ಳಬಹುದು; ಅಲ್ಲಿಂದ ಪ್ರತಿ ಮೂರು ಏರಿದಾಗಲೂ ಸಮಯ ಅರ್ಧಕ್ಕರ್ಧ ಇಳಿಯುತ್ತದೆ. ಆ ಪ್ರಕಾರ ಈ ಶೆಡ್ಡಿನಲ್ಲಿ ಬರಿಗಿವಿಯಲ್ಲಿ ನಿಲ್ಲಬಹುದಾದದ್ದು ಏಳೂವರೆ ನಿಮಿಷ. ಕಿವಿಯಕ್ಕ ನಿಂತದ್ದು ಇಪ್ಪತ್ತೊಂದು ವರ್ಷ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಇಲ್ಲಿಗೆ ಬಂದರು. ಮೊದಲ ಎರಡು ತಿಂಗಳು ಮನೆಗೆ ಹೋಗಿ ದಿಂಬಿನಡಿ ತಲೆಯಿಟ್ಟು ಅಳುವುದೇ ಕೆಲಸ. ಮೂರನೆಯ ತಿಂಗಳ ಒಂದು ಬೆಳಿಗ್ಗೆ ಸದ್ದು ಅಷ್ಟೇನೂ ಕಾಡಲಿಲ್ಲ. ಅದಕ್ಕೆ ಇಲ್ಲಿ "ಕಿವಿ ಪಳಗುವುದು" ಎನ್ನುತ್ತಿದ್ದರು. ಕಿವಿ ಪಳಗಿದವರು ತಮ್ಮ ಸಾಲಿನವರಿಗೆಲ್ಲ ಚಹಾ ಕೊಡಿಸಬೇಕು, ಆಮೇಲೆ ಅವರು ಪಕ್ಕಾ ಕೆಲಸಗಾರರು. ಅಕ್ಕನೂ ಕೊಡಿಸಿದರು.

"ಕಿವಿ ಸಾಯೋಕೆ ಶುರುವಾದ ದಿನ ಹತ್ತು ಜನಕ್ಕೆ ಚಹಾ ಕೊಡಿಸಿ ಸಂಭ್ರಮಪಟ್ಟ ಜಾಣೆ ನಾನು" ಎಂದು ಅವರು ನಗುತ್ತಾರೆ. ನಗು ಸ್ವಲ್ಪ ಜೋರು. ತಮ್ಮ ದನಿ ಎಷ್ಟಿದೆ ಎಂಬುದು ಅವರಿಗೆ ತಿಳಿಯದೆ ಬಹಳ ವರ್ಷವಾಯಿತು.

ವಿಚಿತ್ರವೆಂದರೆ, ಒಂದು ಕಾಲಕ್ಕೆ ಈ ಕಾರ್ಖಾನೆಯ ಅತಿ ಚುರುಕು ಕಿವಿ ಅವರದೇ. ಮೊಳೆ ಕತ್ತರಿಸುವ ಕಟರ್ ಮೊಂಡಾಗುವ ಮೊದಲು ಮಷೀನಿನ ದನಿ ಒಂದು ಎಳೆಯಷ್ಟು ಬದಲಾಗುತ್ತದೆ. ಇಪ್ಪತ್ತೆಂಟು ಮಷೀನುಗಳ ಗದ್ದಲದಲ್ಲಿ ಆ ಎಳೆಯನ್ನು ಅವರು ಹೆಕ್ಕುತ್ತಿದ್ದರು. ಮ್ಯಾನೇಜರು ಖುದ್ದಾಗಿ ಕರೆಸುತ್ತಿದ್ದರು. ಅಕ್ಕ ಹೋಗಿ, ಮಷೀನಿನ ಪಕ್ಕ ತಲೆ ಓರೆ ಮಾಡಿ ನಿಂತು, "ಇನ್ನು ಅರ್ಧ ಗಂಟೆ ಓಡುತ್ತೆ, ಆಮೇಲೆ ಬದಲಾಯಿಸಿ" ಎಂದರೆ ಮುಗಿಯಿತು. ಡಾಕ್ಟರ ಮಾತಿಗೂ ಅಷ್ಟು ಬೆಲೆ ಇರಲಿಲ್ಲ.

ಬಿರಡೆ ಆಗಲೂ ಇತ್ತು. ಆದರೆ ಬಿರಡೆ ಹಾಕಿದರೆ ಆ ಎಳೆ ಸಿಗುವುದಿಲ್ಲ. ಬಲಗೈ ಸದಾ ಮಷೀನಿನ ಹಿಡಿಯ ಮೇಲೆ ಇರುತ್ತಿದ್ದುದರಿಂದ ಬಲಗಿವಿಯೇ ಮಷೀನಿಗೆ ಹತ್ತಿರ. ಅಕ್ಕ ಬಲಗಿವಿಯ ಬಿರಡೆ ತೆಗೆದು ಜೇಬಿಗೆ ಹಾಕಿಕೊಂಡರು. ಎಡಗಿವಿಯದು ಯಾವಾಗಲೋ ಬಿದ್ದುಹೋದರೆ ಹುಡುಕುವ ಗೋಜಿಗೂ ಹೋಗಲಿಲ್ಲ. ಅಲ್ಲಿಗೆ ನಿಂತಿದ್ದರೆ ಅದು ಅವರೊಬ್ಬರ ಕಥೆಯಾಗುತ್ತಿತ್ತು. ಅವರು ಆ ವಿದ್ಯೆಯನ್ನು ಬೇರೆಯವರಿಗೂ ಕಲಿಸಿದರು. ಒಬ್ಬಿಬ್ಬರಿಗಲ್ಲ, ಹದಿನೇಳು ಮಂದಿಗೆ.

"ಬಲಗಿವಿ ಬಿಚ್ಚಿಟ್ಕೊಳ್ಳಿ ಅಂತ ನಾನೇ ಹೇಳ್ದೆ. ಹಾಕ್ಕೊಂಡವರನ್ನ 'ಏನು, ಹತ್ತಿ ತುಂಬಿದ ಗೊಂಬೆಗಳಾ' ಅಂತ ಹಂಗಿಸ್ತಿದ್ದೆ. ಬೈಯೋಕೆ ಬೇರೆ ಯಾರೂ ಇಲ್ಲ ಇದರಲ್ಲಿ. ನಾನೇ."

ಕಿವಿ ಕೈಕೊಟ್ಟದ್ದು ಮೊದಲು ಮನೆಯಲ್ಲಿ ಬಯಲಾಯಿತು. ಒಂದು ಸಂಜೆ ಬಚ್ಚಲ ನಲ್ಲಿ ನಿಲ್ಲಿಸಿದೆನೆಂದುಕೊಂಡು ಅವರು ತರಕಾರಿ ಹೆಚ್ಚುತ್ತ ಕೂತರು. ನೀರು ಬಾಗಿಲು ದಾಟಿ, ನೆಲದ ಬಿರುಕಿನಿಂದ ಇಳಿದು, ಕೆಳಮನೆಯ ಮುದುಕಿಯ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಮುದುಕಿ ಮೇಲೆ ಬಂದು ಬಾಗಿಲು ಬಡಿದದ್ದೂ ಕೇಳಿಸಲಿಲ್ಲ. "ನೀರು ನಿಂತಿದೆ ಅಂದ್ಕೊಂಡೆ. ನಿಂತಿದ್ದು ಕಿವಿ."

ಆದರೂ ಕಾರ್ಖಾನೆಯಲ್ಲಿ ಅವರು ಬಾಯಿ ಬಿಡಲಿಲ್ಲ. ಒಂದು ವರ್ಷ ಪೂರ್ತಿ ಮಷೀನಿನ ಪಕ್ಕ ತಲೆ ಓರೆ ಮಾಡಿ ನಿಂತು, ಏನೂ ಕೇಳಿಸದೆ, ಅಂದಾಜಿನ ಮೇಲೆ ತೀರ್ಪು ಕೊಟ್ಟರು. ಕಡೆಗೊಂದು ದಿನ ಅವರು "ಚೆನ್ನಾಗಿದೆ" ಎಂದ ಹದಿನಾಲ್ಕನೇ ಮಷೀನು ಸಂಜೆಯ ಹೊತ್ತಿಗೆ ತಲೆಯಿಲ್ಲದ ಮೊಳೆಗಳನ್ನು ಎರಡು ಚೀಲ ಹೆತ್ತಿತು. ಮ್ಯಾನೇಜರು ಬೈಯಲಿಲ್ಲ. ಒಂದು ಮೊಳೆ ಎತ್ತಿ ಅವರ ಅಂಗೈಯಲ್ಲಿಟ್ಟು ಹೋದರು. ಮರುವಾರ ಅವರನ್ನು ಉಗ್ರಾಣಕ್ಕೆ ಹಾಕಿದರು. ಕೈಗವಸು, ಎಣ್ಣೆ, ಬಿರಡೆ ಎಣಿಸಿ ಕೊಡುವ ಕೆಲಸ.

ಗಂಡ ಲಾರಿ ಚಾಲಕ. ವಾರದಲ್ಲಿ ಎರಡು ದಿನ ಮನೆಯಲ್ಲಿ. "ಮೊದಲು ನಾವಿಬ್ಬರೂ ಚೆನ್ನಾಗಿ ಜಗಳ ಆಡ್ತಿದ್ವಿ. ಈಗ ಇವಳು ಗೋಡೆ ಕಡೆ ತಿರುಗಿದ್ರೆ ಜಗಳ ಮುಗೀತು. ಪೂರ್ತಿ ಬೈಯೋಕೂ ಆಗಲ್ಲ ಸ್ವಾಮಿ" ಎನ್ನುತ್ತಾರೆ. ತಮಾಷೆಗೆಂದೇ ಶುರು ಮಾಡಿದ ಮಾತು. ಮುಗಿಸುವಾಗ ಅವರು ಎಲ್ಲೋ ನೋಡುತ್ತಿರುತ್ತಾರೆ.

ಉಗ್ರಾಣದ ಕಿಟಕಿಯಲ್ಲಿ ಕೂತು ಅಕ್ಕ ಒಂದು ಲೆಕ್ಕ ನೋಡಿದರು. ತಾವು ಕೊಡುವ ಬಿರಡೆಗಳಲ್ಲಿ ಅರ್ಧದಷ್ಟು ಜೇಬಿನಲ್ಲೇ ಸವೆಯುತ್ತಿದ್ದವು. ಮೊಳೆ ಮಷೀನಿನ ಹಳಬರೆಲ್ಲರ ಬಲಗಿವಿ ಬರಿದು. ಅದೇ ವಾರ ಅವರು ಡಬ್ಬಿ ಹಿಡಿದು ಬಾಗಿಲಿಗೆ ಬಂದು ನಿಂತರು. ಯಾರೂ ಹೇಳಿದ ಕೆಲಸವಲ್ಲ. ಹನ್ನೊಂದು ವರ್ಷವಾಯಿತು, ಒಂದು ಪಾಳಿಯೂ ತಪ್ಪಿಲ್ಲ.

ಬರೀ "ಹಾಕಿಕೊಳ್ಳಿ" ಎಂದರೆ ಯಾರೂ ಕೇಳುವುದಿಲ್ಲವೆಂದು ಅವರಿಗೆ ಬೇಗ ತಿಳಿಯಿತು. ಕಿವಿ ಮುಚ್ಚಿದರೆ ಕಟರಿನ ಮೊಂಡು ತಿಳಿಯುವುದು ಹೇಗೆ? ಅದಕ್ಕೆ ಬದಲು ಬೇಕು. ಆರು ತಿಂಗಳು ಮೊಳೆ ಸವರಿ ಸವರಿ ಅವರು ಒಂದು ದಾರಿ ಕಂಡುಕೊಂಡರು. ಕಾಲು ಗಂಟೆಗೊಮ್ಮೆ ಐದು ಮೊಳೆ ಎತ್ತಿಕೊಂಡು ಹೆಬ್ಬೆರಳಿನಿಂದ ತಲೆಯ ಅಂಚನ್ನೂ ಮೊನೆಯನ್ನೂ ಸವರಬೇಕು. ಕೂದಲೆಳೆಯಷ್ಟು ಮುಳ್ಳು ಎದ್ದಿದ್ದರೆ ಕಟರ್ ಮೊಂಡಾಗುತ್ತಿದೆ ಎಂದರ್ಥ. ಈ ಹೊಸ ವಿದ್ಯೆ ಹಿಡಿದುಕೊಂಡು ತಮ್ಮ ಹದಿನೇಳು ಶಿಷ್ಯರ ಬೆನ್ನು ಹತ್ತಿದರು. ಇಬ್ಬರು ಕೆಲಸ ಬಿಟ್ಟಿದ್ದರು. ಅವರ ಮನೆ ಹುಡುಕಿಕೊಂಡು ಹೋದರು. ಒಬ್ಬನಿಗೆ ಆಗಲೇ ಏನೂ ಕೇಳಿಸುತ್ತಿರಲಿಲ್ಲ. ಅವನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು. ಉಳಿದ ಹದಿನೈದರಲ್ಲಿ ಹದಿನಾಲ್ಕು ಮಂದಿ ವರ್ಷಗಳು ಕಳೆದಂತೆ ಒಬ್ಬೊಬ್ಬರಾಗಿ ಬೆರಳಿಗೆ ಬದಲಾದರು.

ಹದಿನೈದನೆಯವಳು ಮಗಳು.

ಇಪ್ಪತ್ತನಾಲ್ಕರ ಮಗಳು ಒಂಬತ್ತನೇ ಮಷೀನಿನಲ್ಲಿ ನಾಲ್ಕು ವರ್ಷದಿಂದ ಇದ್ದಾಳೆ. ತಾಯಿಯ ಕಿವಿ ಹಾಗೇ ಬಂದಿದೆ. ಹತ್ತು ವರ್ಷದವಳಿದ್ದಾಗ ಅಮ್ಮನಿಗೆ ಊಟ ತಂದುಕೊಟ್ಟು, ಗೇಟಿನಲ್ಲಿ ನಿಂತು, ಆಟದಂತೆ ಕಲಿತದ್ದು: ಯಾವ ಮಷೀನು ಸುಸ್ತಾಗಿದೆ ಹೇಳು ನೋಡೋಣ. ಈಗ ಮ್ಯಾನೇಜರು ಕರೆಸುವುದು ಅವಳನ್ನು. ಬೆಳಿಗ್ಗೆ ಬಾಗಿಲಲ್ಲಿ ಎರಡೂ ಕಿವಿ ತುಂಬಿಕೊಂಡೇ ಒಳಗೆ ಹೋಗುತ್ತಾಳೆ. ಮಷೀನಿನ ಹತ್ತಿರ ಬಲಗಡೆಯದು ಜೇಬಿಗೆ.

ಮನೆಯಲ್ಲಿ ಇಬ್ಬರ ವಾದ ನಡೆಯುವುದು ದೀಪದ ಕೆಳಗೆ, ಎದುರುಬದುರು ಕೂತು. ತುಟಿ ಕಾಣಬೇಕಲ್ಲ.

"ಬೆರಳಿಗೆ ಗೊತ್ತಾಗೋ ಹೊತ್ತಿಗೆ ಎರಡು ಕಿಲೋ ಹಾಳಾಗಿರುತ್ತಮ್ಮ. ಕಿವಿಗೆ ಮೊದಲೇ ಗೊತ್ತಾಗುತ್ತೆ."

"ಹಾಳಾಗ್ಲಿ ಬಿಡೇ. ಮೊಳೆ ಕರಗಿಸಿ ಮತ್ತೆ ಮಾಡ್ತಾರೆ."

"ನೀನು ಇಡೀ ದಿನ ಬಿಚ್ಚಿಟ್ಕೊಂಡಿದ್ದೆ. ನಾನು ಗಂಟೆಗೆ ಎರಡು ನಿಮಿಷ ಅಷ್ಟೇ."

"ನಾನೂ ಎರಡು ನಿಮಿಷದಿಂದಾನೇ ಶುರು ಮಾಡಿದ್ದು ಕಣೇ."

"ಅಮ್ಮಾ, ಎಲ್ಲರ ಕೈಲೂ ಆಗೋದನ್ನ ಮಾಡೋಕೆ ನಾನೇ ಯಾಕೆ ಬೇಕು? ಈ ಕಿವಿ ಇದೆ ಅಂತ ತಾನೇ ನನಗೆ ಅಲ್ಲಿ ಮರ್ಯಾದೆ?"

ಆ ಮರ್ಯಾದೆಯ ರುಚಿ ಅಕ್ಕನಿಗೂ ಗೊತ್ತು.

ಹೋದ ವರ್ಷದ ಪರೀಕ್ಷೆಯಲ್ಲಿ ಎಷ್ಟು ಕೇಳಿಸುತ್ತದೆಂದು ಕಾಗದದ ಮೇಲೆ ತೋರಿಸುವ ಮಗಳ ಬಲಗಿವಿಯ ಗೆರೆ ಒಂದು ಕಡೆ ಕೊಂಚ ತಗ್ಗಿತ್ತು. "ಮುಂದಿನ ಸಲ ನೋಡೋಣ" ಎಂದಿದ್ದರು ದಾದಿ. ಆ ಮುಂದಿನ ಸಲ ಈ ಬುಧವಾರ ಬಂದಿದೆ. ಕಾರ್ಖಾನೆಯ ಅಂಗಳದಲ್ಲಿ ಪರೀಕ್ಷೆಯ ವ್ಯಾನು ನಿಂತಿದೆ. ಅದರೊಳಗೆ ಗಾಜಿನ ಕಿಟಕಿಯ ಚಿಕ್ಕ ಪೆಟ್ಟಿಗೆಕೋಣೆ. ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಅಕ್ಕ ಹೊರಗೆ ನಿಂತು ಮಗಳ ಹೆಬ್ಬೆರಳನ್ನೇ ನೋಡುತ್ತಾರೆ. ಒತ್ತುತ್ತಾಳೆ, ಒತ್ತುತ್ತಾಳೆ. ಆಮೇಲೆ ಬೆರಳು ಸುಮ್ಮನಾಗುತ್ತದೆ. ಸದ್ದು ಹೋದಾಗಲೆಲ್ಲ ಹೊತ್ತುವ ದಾದಿಯ ಯಂತ್ರದ ದೀಪ ಮಾತ್ರ ಮಿನುಗುತ್ತಲೇ ಇರುತ್ತದೆ. ಒಂದು, ಎರಡು, ಮೂರು. ಮಗಳು ಕಾಯುತ್ತ ಕೂತಿದ್ದಾಳೆ, ಏನೂ ಬಂದಿಲ್ಲವೆಂಬಂತೆ.

ಪರೀಕ್ಷೆ ಮುಗಿದ ಮೇಲೆ ದಾದಿ ಕಾಗದ ತೋರಿಸಿ ಮಗಳಿಗೆ ವಿವರಿಸುತ್ತಾರೆ. ಗಾಜಿನ ಆಚೆ ನಿಂತ ತಾಯಿಗೆ ಯಾರೂ ಏನೂ ಹೇಳಬೇಕಿಲ್ಲ. ದಾದಿಯ ತುಟಿ ಎದುರಿಗಿದೆ. "ಹೋದದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸಿಕೊಳ್ಳಬಹುದು." ಮಗಳಿಗೆ ಅರ್ಥವಾಗುವ ಅರೆಕ್ಷಣ ಮೊದಲೇ ಅಕ್ಕ ಹೋಗಿ ಅಂಗಳದ ಬೆಂಚಿನ ಮೇಲೆ ಕೂರುತ್ತಾರೆ.

ಮಗಳು ಇಳಿದು ಬಂದು ಪಕ್ಕದಲ್ಲಿ ಕೂರುತ್ತಾಳೆ. ಅಭ್ಯಾಸಬಲದಿಂದ ಮತ್ತೆ ಎದ್ದು ಎದುರಿಗೆ ಬಂದು, ಮುಖ ಕಾಣುವಂತೆ ಮಂಡಿಯೂರಿ ಕೇಳುತ್ತಾಳೆ:

"ನಿನಗೂ ಹೀಗೇ ಶುರುವಾಯ್ತಾ?"

"ನನಗೆ ಯಾರೂ ಗೆರೆ ಹಾಕಿ ತೋರಿಸಲಿಲ್ಲ ಕಣೇ. ತೋರಿಸಿದ್ರೆ ನಿನಗೆ ಕಲಿಸ್ತಿರಲಿಲ್ಲ."

ಮಗಳು ಅಳುವುದಿಲ್ಲ. ಆ ಕಾಗದವನ್ನು ನಾಲ್ಕಾಗಿ ಮಡಿಸುತ್ತಾಳೆ, ಬಿಡಿಸುತ್ತಾಳೆ, ಮತ್ತೆ ಮಡಿಸುತ್ತಾಳೆ.

ಮರುದಿನ ಒಂಬತ್ತನೇ ಮಷೀನಿನಲ್ಲಿ ಎರಡೂ ಕಿವಿ ಮುಚ್ಚಿ ಕೆಲಸ ನಡೆಯುತ್ತದೆ. ಹೆಬ್ಬೆರಳು ಇನ್ನೂ ಹೊಸದು. ಮೂರು ಕಿಲೋ ಮೊಳೆ ಹಾಳಾಗುತ್ತದೆ. ಮ್ಯಾನೇಜರು ಉಗ್ರಾಣಕ್ಕೇ ಬಂದು, "ಇಡೀ ಶೆಡ್ಡಿಗೆ ಒಂದು ಕಿವಿ ಇತ್ತು, ಅದನ್ನೂ ಮುಚ್ಚಿಸಿಬಿಟ್ಟಿರಾ?" ಎನ್ನುತ್ತಾರೆ. ಅಕ್ಕ ಎದ್ದು ನಿಲ್ಲುತ್ತಾರೆ. "ಅದು ಶೆಡ್ಡಿನ ಕಿವಿ ಅಲ್ಲ ಸಾರ್. ಅವಳದು." ಮ್ಯಾನೇಜರು ಏನೋ ಹೇಳುತ್ತಲೇ ಹೊರಡುತ್ತಾರೆ, ಬೆನ್ನು ಹಾಕಿ. ಅದು ಅಕ್ಕನಿಗೆ ತಲುಪುವುದಿಲ್ಲ. ಕಿವುಡಿನಿಂದ ಆದ ಒಂದೇ ಲಾಭ ಇದು ಎಂದು ಅವರೇ ಆಮೇಲೆ ಹೇಳುತ್ತಾರೆ.

ಪಾಳಿ ಮುಗಿದು ತಾಯಿ ಮಗಳು ಗೇಟು ದಾಟುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಮಗಳನ್ನು ನಾಲ್ಕು ಹೆಜ್ಜೆ ಮುಂದೆ ಹೋಗಲು ಬಿಡುತ್ತಾರೆ. ಮಗಳಿಗೆ ಕೇಳಿಸದಿರಲಿ ಎಂದು ದನಿ ತಗ್ಗಿಸಿದ್ದೇನೆಂದು ಅವರ ಭಾವನೆ. ಆದರೆ ಗೇಟಿನ ಬಳಿ ಇದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳುತ್ತಾರೆ:

"ಇವಳು ನನ್ನ ವಯಸ್ಸಿಗೆ ಬಂದಾಗ, ಇವಳ ಹತ್ರ ಯಾರೂ ಒಂದು ಮಾತನ್ನ ಎರಡು ಸಲ ಹೇಳೋ ಹಾಗಾಗಬಾರದು. ಅಷ್ಟು ಉಳಿದ್ರೆ ಸಾಕು."